ಮಗ ಹಿಡಿದು ತಂದ ಕಪ್ಪೆ: ಸಾಕುವುದೋ, ಬಿಡುವುದೋ?

ಪ್ರಶ್ನೆ: ಮೂರು ದಿನದ ಹಿಂದೆ, ಮಳೆ ನಿಂತ ಮೇಲೆ, ನನ್ನ ಒಂಬತ್ತು ವರ್ಷದ ಮಗ ಮನೆ ಹಿಂದಿನ ಹೊಂಡದ ಹತ್ತಿರ ಒಂದು ಕಪ್ಪೆ ಹಿಡಿದು ತಂದ. ಹಳೆಯ ಮೀನಿನ ತೊಟ್ಟಿಗೆ ನಲ್ಲಿ ನೀರು ಮತ್ತು ಸಣ್ಣ ಕಲ್ಲು ಹಾಕಿ ಅದರಲ್ಲಿ ಇಟ್ಟಿದ್ದೇವೆ. ಮೊದಲ ದಿನ ಗಾಜಿಗೆ ಹಾರಿ ಹಾರಿ ಬಡಿದುಕೊಳ್ಳುತ್ತಿತ್ತು. ಈಗ ಶಾಂತವಾಗಿದೆ, ಮಗ ಬೆನ್ನು ಸವರಿದರೂ ಕದಲುವುದಿಲ್ಲ. ಒಗ್ಗಿಕೊಂಡಿದೆ ಅನ್ನಿಸುತ್ತದೆ. ಆದರೆ ಸತ್ತ ನೊಣ, ಬ್ರೆಡ್ಡಿನ ಚೂರು, ಏನು ಹಾಕಿದರೂ ತಿನ್ನುತ್ತಿಲ್ಲ. ಇದನ್ನು ಸಾಕಬಹುದಾ? ಹೇಗೆ ನೋಡಿಕೊಳ್ಳಬೇಕು?

ಉತ್ತರ: ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಕಪ್ಪೆಯನ್ನು ಇವತ್ತು ಸಂಜೆಯೇ, ಹಿಡಿದ ಹೊಂಡದ ಹತ್ತಿರವೇ ಬಿಟ್ಟು ಬನ್ನಿ. ನಾಳೆಗೆ ಮುಂದೂಡಬೇಡಿ. ಮೂರು ದಿನಕ್ಕೆ ವಾಪಸ್ ಬಿಡುವುದು ಸುಲಭ. ಮೂರು ವಾರ ಆದರೆ ಕಷ್ಟ. ಇನ್ನೂ ಜಾಸ್ತಿ ದಿನ ಇಟ್ಟುಕೊಂಡರೆ, ಬಿಡುವುದೇ ತಪ್ಪು ಅನ್ನುವ ಸ್ಥಿತಿಯೂ ಬರಬಹುದು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ನಿಮ್ಮ ಮಗನಿಗೂ ಇದನ್ನು ಓದಿ ಹೇಳಿ. ಕಪ್ಪೆಗೆ ಹೆಸರಿಟ್ಟು, ಪಕ್ಕದಲ್ಲಿ ಕೂತು ನೋಡುವ ಹುಡುಗನಿಗೆ ಸುಮ್ನೆ "ಬಿಟ್ಟು ಬಾ" ಅಂದರೆ ಸಾಲದು. ಕಾರಣ ಗೊತ್ತಾದರೆ ಅವನೇ ಬಿಡುತ್ತಾನೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು "ಶಾಂತವಾಗಿದೆ" ಅನ್ನುವ ಪದ. ನಾಯಿ, ಬೆಕ್ಕು ಭಯಪಟ್ಟರೆ ನಮಗೆ ತಿಳಿಯುತ್ತದೆ. ಕೂಗುತ್ತವೆ, ಬಾಲ ಮುದುರುತ್ತವೆ, ಓಡುತ್ತವೆ. ಕಪ್ಪೆಯ ಮುಖದಲ್ಲಿ ನಾವು ಓದುವಂಥದ್ದು ಏನೂ ಇಲ್ಲ. ಅದು ಮೊದಲು ತಪ್ಪಿಸಿಕೊಳ್ಳಲು ನೋಡುತ್ತದೆ. ಅದು ಆಗದಿದ್ದರೆ ಅಲುಗಾಡದೆ ಕೂರುತ್ತದೆ. ಹಾವು, ಹಕ್ಕಿ ಎದುರಿಗಿದ್ದಾಗಲೂ ಎಷ್ಟೋ ಕಪ್ಪೆಗಳು ಮಾಡುವುದು ಇದನ್ನೇ. ಆರೋಗ್ಯವಾಗಿರುವ ಹೊರಗಿನ ಕಪ್ಪೆ ಬೆನ್ನು ಸವರಿಸಿಕೊಂಡು ಸುಮ್ಮನಿರುವುದಿಲ್ಲ, ಹಾರಿ ಹೋಗುತ್ತದೆ. ಮೂರು ದಿನದಲ್ಲಿ ಅದು ಹಾರುವುದನ್ನೇ ಬಿಟ್ಟಿದೆ ಅಂದರೆ ಭಯಕ್ಕೆ ಮರಗಟ್ಟಿದೆ, ಇಲ್ಲವೇ ಸುಸ್ತಾಗಿದೆ. ಮುಟ್ಟುವುದನ್ನು ಈಗಲೇ ನಿಲ್ಲಿಸಿ.

ಆಮೇಲೆ, ಗಾಜಿಗೆ ಬಡಿದುಕೊಳ್ಳುತ್ತಿತ್ತು ಅಂದಿರಿ. ಹಿಡಿದು ತಂದ ಕಪ್ಪೆಗಳಲ್ಲಿ ಪದೇ ಪದೇ ಕಾಣುವ ತೊಂದರೆ ಇದು. ಗಾಜು ಒಂದು ಗೋಡೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಆಚೆ ಬೆಳಕು ಕಾಣುತ್ತದೆ, ಹಾರುತ್ತದೆ, ಮೂತಿ ತಾಗುತ್ತದೆ. ಮೂತಿಯ ತುದಿಯ ಚರ್ಮ ತೆಳು, ಅದು ಕಿತ್ತುಹೋಗಿ ಗಾಯ ಆಗುತ್ತದೆ. ತೊಟ್ಟಿಯ ಕೊಳಕು ನೀರಿನಲ್ಲಿರುವ ಬ್ಯಾಕ್ಟೀರಿಯಾ ಅಲ್ಲಿಂದ ಒಳಗೆ ಹೋಗುತ್ತದೆ. ಸೋಂಕು ರಕ್ತಕ್ಕೆ ಸೇರಿದರೆ ಹೊಟ್ಟೆ ಮತ್ತು ತೊಡೆಯ ಒಳಭಾಗ ಕೆಂಪಾಗುತ್ತದೆ. ಒಂದು ಟಾರ್ಚ್ ಹಿಡಿದು, ಮುಟ್ಟದೆ, ಗಾಜಿನ ಹೊರಗಿನಿಂದಲೇ ಮೂತಿಯನ್ನೂ ಹೊಟ್ಟೆಯನ್ನೂ ನೋಡಿ. ಮೂತಿ ನಯವಾಗಿದ್ದು, ಹೊಟ್ಟೆಯ ಬಣ್ಣ ಎಂದಿನಂತಿದ್ದರೆ ಸಂಜೆ ಬಿಡಬಹುದು. ಮೂತಿ ಸ್ವಲ್ಪ ತರಚಿದ್ದರೂ ಬಿಡಬಹುದು. ಹೊಂಡದ ದಂಡೆಯಲ್ಲಿ ಅದು ವಾಸಿಯಾಗುವ ಸಾಧ್ಯತೆ ನಿಮ್ಮ ತೊಟ್ಟಿಗಿಂತ ಹೆಚ್ಚು. ಆಳವಾದ ಗಾಯ, ಕೆಂಪು ತೊಡೆ, ಮಗುಚಿ ಬಿದ್ದರೆ ಮತ್ತೆ ನೆಟ್ಟಗೆ ತಿರುಗಲಾಗದ ಸ್ಥಿತಿ, ಇವು ಕಂಡರೆ ಮಾತ್ರ ವೈದ್ಯರ ಹತ್ತಿರ ಒಯ್ಯಿರಿ. ಸಾಮಾನ್ಯ ಪಶುವೈದ್ಯರಲ್ಲಿ ಎಲ್ಲರಿಗೂ ಕಪ್ಪೆಯ ಚಿಕಿತ್ಸೆ ಅಭ್ಯಾಸ ಇರುವುದಿಲ್ಲ. ಹಾವು, ಆಮೆ, ಕಪ್ಪೆಗಳನ್ನು ನೋಡುವವರು ಯಾರಿದ್ದಾರೆ ಅಂತ ಮೊದಲು ಫೋನ್ ಮಾಡಿ ಕೇಳಿ.

ಈಗ ನೀರಿನ ವಿಷಯ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಗಿನ ಚರ್ಮದಿಂದ, ಒದ್ದೆ ನೆಲದ ಮೇಲೆ ಸುಮ್ಮನೆ ಕೂತೇ, ಬಟ್ಟೆ ನೀರು ಹೀರುವ ಹಾಗೆ ಹೀರಿಕೊಳ್ಳುತ್ತದೆ. ಅದೇ ಚರ್ಮದಿಂದ ಉಸಿರಾಟದ ಒಂದು ಭಾಗವೂ ನಡೆಯುತ್ತದೆ. ಅಂದರೆ ಅದು ಕೂತ ನೀರಿನಲ್ಲಿ ಏನಿದೆಯೋ ಅದು ಅದರ ಮೈಯೊಳಗೆ ಹೋಗುತ್ತದೆ. ನಲ್ಲಿ ನೀರಿಗೆ ಸಾಮಾನ್ಯವಾಗಿ ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ಆ ಪ್ರಮಾಣ ಏನೂ ಮಾಡುವುದಿಲ್ಲ. ಕಪ್ಪೆಯ ಚರ್ಮಕ್ಕೆ ಅದು ಉರಿ. ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಆದರೆ ಕೆಲವು ಕಡೆ ಕ್ಲೋರಮಿನ್, ಅಂದರೆ ಕ್ಲೋರಿನ್ ಮತ್ತು ಅಮೋನಿಯ ಸೇರಿದ್ದು, ಬೆರೆಸುತ್ತಾರೆ. ಅದು ಇಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಅದಕ್ಕೆ ಮೀನಿನ ತೊಟ್ಟಿಗೆ ಹಾಕುವ, ಕ್ಲೋರಮಿನ್ ತೆಗೆಯುತ್ತದೆ ಎಂದು ಬರೆದಿರುವ ದ್ರಾವಣವೇ ಬೇಕು. ಹಾಗಂತ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಬೇಡಿ. ಅದರಲ್ಲಿ ಲವಣವೇ ಇರುವುದಿಲ್ಲ, ಕಪ್ಪೆಯ ಮೈಯಲ್ಲಿರುವ ಲವಣದ ಸಮತೋಲ ತಪ್ಪುತ್ತದೆ.

ಇನ್ನೊಂದು ವಿಷ ಕಪ್ಪೆಯಿಂದಲೇ ಬರುತ್ತದೆ. ಅದರ ಉಚ್ಚೆ, ಹಿಕ್ಕೆ ನೀರಿಗೆ ಸೇರಿ ಅಮೋನಿಯ ಆಗುತ್ತದೆ. ಹೊಂಡದಲ್ಲಿ ಅದನ್ನು ತಿಂದು ಮುಗಿಸುವ ಸೂಕ್ಷ್ಮಜೀವಿಗಳಿವೆ, ಗಿಡಗಳಿವೆ, ನೀರೂ ಬೇಕಾದಷ್ಟಿದೆ. ನಿಮ್ಮ ತೊಟ್ಟಿಯಲ್ಲಿ ಇದ್ಯಾವುದೂ ಇಲ್ಲ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿರುತ್ತದೆ. ಕಪ್ಪೆ ಮಾತ್ರ ತನ್ನ ಕೊಳೆಯನ್ನೇ ಮತ್ತೆ ಹೀರುತ್ತಾ ಕೂತಿರುತ್ತದೆ.

ನಮ್ಮ ಕೈಯ ಬಗ್ಗೆಯೂ ಇದೇ ಮಾತು. ಬೆವರಿನ ಉಪ್ಪು, ಸೋಪಿನ ಅಂಶ, ಕ್ರೀಮು, ಸೊಳ್ಳೆ ಓಡಿಸುವ ಮುಲಾಮು, ಎಲ್ಲವೂ ಮುಟ್ಟಿದ ತಕ್ಷಣ ಅದರ ಚರ್ಮಕ್ಕೆ ಅಂಟುತ್ತವೆ. ಎತ್ತಲೇಬೇಕಾದರೆ ಕೈಯನ್ನು ಸೋಪಿಲ್ಲದೆ, ಕ್ಲೋರಿನ್ ಇಲ್ಲದ ನೀರಿನಲ್ಲಿ ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ ಎತ್ತಿ. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ.

ನೀವು ಕೇಳಿದ್ದು ಊಟದ ಬಗ್ಗೆ. ಸತ್ತ ನೊಣವನ್ನು ಅದು ತಿನ್ನದಿದ್ದರೆ ಹಠ ಮಾಡುತ್ತಿದೆ ಅಂತಲ್ಲ. ಬಹುಪಾಲು ಕಪ್ಪೆಗಳಿಗೆ ಅಲುಗಾಡದ ವಸ್ತು ಆಹಾರವಾಗಿ ಕಾಣುವುದೇ ಇಲ್ಲ. 1959ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಪ್ಪೆಯ ಕಣ್ಣಿನಿಂದ ಮೆದುಳಿಗೆ ಹೋಗುವ ನರಗಳನ್ನು ಪರೀಕ್ಷಿಸಿ ಒಂದು ವಿಷಯ ತೋರಿಸಿದರು. ಕಣ್ಣು ತಾನು ಕಂಡದ್ದನ್ನೆಲ್ಲ ಮೆದುಳಿಗೆ ಕಳಿಸುವುದಿಲ್ಲ, ಆರಿಸಿ ಕಳಿಸುತ್ತದೆ. ಸಣ್ಣದಾದ, ಕಪ್ಪಾದ, ಚಲಿಸುವ ವಸ್ತು ಎದುರಿಗೆ ಬಂದಾಗ ಕೆಲವು ನರಗಳು ಜೋರಾಗಿ ಸ್ಪಂದಿಸುತ್ತವೆ. ಹಾಗಾಗಿ ಸುತ್ತಲೂ ಸತ್ತ ನೊಣ ರಾಶಿ ಬಿದ್ದಿದ್ದರೂ ಕಪ್ಪೆ ಹಸಿದೇ ಇರಬಹುದು. ಬ್ರೆಡ್ಡಂತೂ ಅದರ ಆಹಾರವೇ ಅಲ್ಲ. ಎಲ್ಲ ತೆಗೆದುಬಿಡಿ, ನೀರು ಕೊಳೆಯುತ್ತದೆ.

ಜೀವಂತ ಹುಳ ಹಾಕಿದರೂ ಹೊಸದಾಗಿ ಹಿಡಿದ ಕಪ್ಪೆ ಎಷ್ಟೋ ಸಲ ತಿನ್ನುವುದಿಲ್ಲ, ಭಯ ಹಸಿವನ್ನು ಅಡಗಿಸಿಬಿಡುತ್ತದೆ. ಸಮಾಧಾನದ ವಿಷಯ ಒಂದಿದೆ. ಕಪ್ಪೆಯ ಮೈ ಶಾಖ ಹೊರಗಿನ ಹವೆಯ ಜೊತೆ ಏರಿಳಿಯುತ್ತದೆ, ಅದಕ್ಕೆ ನಮ್ಮಷ್ಟು ಊಟ ಬೇಕಿಲ್ಲ. ಮೂರು ದಿನ ಉಪವಾಸ ಇದ್ದರೆ ದೊಡ್ಡ ಕಪ್ಪೆಗೆ ಅಪಾಯ ಏನಿಲ್ಲ. ಆದ್ದರಿಂದ ಬಾಯಿ ಬಿಡಿಸಿ ತುರುಕುವ ಕೆಲಸ ಖಂಡಿತ ಬೇಡ. ದವಡೆ ಮುರಿಯಬಹುದು.

"ಸರಿ, ನೀರು ಬದಲಾಯಿಸುತ್ತೇವೆ, ಹುಳ ಹಿಡಿದು ಹಾಕುತ್ತೇವೆ, ಆಗ ಸಾಕಬಹುದಲ್ವಾ?" ಅಂತ ನಿಮ್ಮ ಮಗ ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರ ಕಪ್ಪೆಯ ಮೈಯೊಳಗೆ ಇದೆ. ಹೊರಗಿನ ಕಪ್ಪೆಗಳಲ್ಲಿ ಪರೋಪಜೀವಿ ಹುಳಗಳಿರುವುದು ಸಾಮಾನ್ಯ. ಶ್ವಾಸಕೋಶದಲ್ಲಿ ಬದುಕುವ ಒಂದು ಜಾತಿಯ ದುಂಡು ಹುಳವೂ ಅದರಲ್ಲಿ ಸೇರಿದೆ. ಬಯಲಲ್ಲಿ ಇದರಿಂದ ಕಪ್ಪೆಗೆ ಅಂಥ ಕಾಟ ಇರುವುದಿಲ್ಲ. ಹುಳದ ಮರಿಗಳು ಹಿಕ್ಕೆಯ ಜೊತೆ ಹೊರಗೆ ಬೀಳುತ್ತವೆ, ಕಪ್ಪೆ ಅಲ್ಲಿಂದ ಹೊರಟುಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಹೊರಟುಹೋಗಲು ಜಾಗ ಎಲ್ಲಿದೆ? ಮರಿಗಳು ಅದೇ ಒದ್ದೆ ನೆಲದಲ್ಲಿ ಬೆಳೆದು, ಅದೇ ಕಪ್ಪೆಯ ಚರ್ಮ ಕೊರೆದು ಮತ್ತೆ ಒಳಸೇರುತ್ತವೆ. ಜೊತೆಗೆ ಭಯದಿಂದ ರೋಗ ತಡೆಯುವ ಶಕ್ತಿಯೂ ಕುಗ್ಗಿರುತ್ತದೆ. ಹಿಡಿದು ತಂದ ಎಷ್ಟೋ ಹೊರಗಿನ ಕಪ್ಪೆಗಳು ಚೆನ್ನಾಗಿ ನೋಡಿಕೊಂಡರೂ ಕೆಲವು ವಾರಗಳಲ್ಲಿ ಬಡಕಲಾಗಿ ಸಾಯುವುದಕ್ಕೆ ಇದೂ ಒಂದು ಕಾರಣ. ಮನೆಯವರು "ಇದ್ದಕ್ಕಿದ್ದ ಹಾಗೆ ಸತ್ತುಹೋಯಿತು" ಅನ್ನುತ್ತಾರೆ. ಒಳಗೆ ಅದು ಬಹಳ ದಿನದಿಂದ ನಡೆಯುತ್ತಿರುತ್ತದೆ.

ಮುಂದಿನದು ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. 1998ರಲ್ಲಿ ಆಸ್ಟ್ರೇಲಿಯ ಮತ್ತು ಮಧ್ಯ ಅಮೆರಿಕದಲ್ಲಿ ರಾಶಿ ರಾಶಿಯಾಗಿ ಸಾಯುತ್ತಿದ್ದ ಕಪ್ಪೆಗಳ ಚರ್ಮದಲ್ಲಿ ಒಂದು ಶಿಲೀಂಧ್ರ ಸಿಕ್ಕಿತು. ಕೈಟ್ರಿಡ್ ಎಂಬ ಶಿಲೀಂಧ್ರಗಳ ಗುಂಪಿಗೆ ಸೇರಿದ್ದು. ಮರುವರ್ಷ ಅದಕ್ಕೆ ಹೆಸರಿಟ್ಟರು. ಇದು ಕಪ್ಪೆಯ ಚರ್ಮದ ಮೇಲ್ಪದರದಲ್ಲಿ ಬೆಳೆಯುತ್ತದೆ. ಚರ್ಮ ಕಪ್ಪೆಗೆ ಎಷ್ಟು ಮುಖ್ಯ ಅಂತ ಈಗಷ್ಟೇ ನೋಡಿದೆವಲ್ಲ. ಸೋಂಕು ಜಾಸ್ತಿ ಆದಾಗ ಚರ್ಮಕ್ಕೆ ಲವಣ ಹಿಡಿದಿಡಲು ಆಗುವುದಿಲ್ಲ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು ಕೊನೆಗೆ ಹೃದಯ ನಿಲ್ಲುತ್ತದೆ. ವಿಜ್ಞಾನಿಗಳು 2019ರಲ್ಲಿ ಲೆಕ್ಕ ಹಾಕಿದಾಗ, ಕಪ್ಪೆ ಮತ್ತು ಅದರ ಬಳಗದ 501 ಜಾತಿಗಳ ಸಂಖ್ಯೆ ಈ ರೋಗದಿಂದ ಕುಸಿದಿತ್ತು. ಅದರಲ್ಲಿ 90 ಜಾತಿ ಭೂಮಿಯಿಂದಲೇ ಅಳಿದಿವೆ ಎಂದು ಅವರ ಅಂದಾಜು. ಈ ಶಿಲೀಂಧ್ರ ಪೂರ್ವ ಏಷ್ಯಾದಲ್ಲಿ ಹುಟ್ಟಿ, ಸುಮಾರು ನೂರು ವರ್ಷದಿಂದೀಚೆಗೆ ಜಗತ್ತಿಗೆ ಹರಡಿದೆ ಎಂದು 2018ರ ಇನ್ನೊಂದು ಅಧ್ಯಯನ ಹೇಳಿತು. ಕಪ್ಪೆ ತಾನಾಗಿ ಸಮುದ್ರ ದಾಟುವುದಿಲ್ಲ. ದಾಟಿಸಿದವರು ಮನುಷ್ಯರು. ಸಾಕಲು, ತಿನ್ನಲು, ಪ್ರಯೋಗಕ್ಕೆ ಎಂದು ಕಪ್ಪೆಗಳನ್ನು ಸಾಗಿಸಿದಾಗ ರೋಗವೂ ಜೊತೆಗೆ ಹೋಯಿತು.

ನಿಮ್ಮ ತೊಟ್ಟಿಗೂ ಇದಕ್ಕೂ ಏನು ಸಂಬಂಧ? ಅದೇ ತೊಟ್ಟಿಯಲ್ಲಿ ಮೊದಲು ಬೇರೆ ಕಡೆಯ ಕಪ್ಪೆಯೋ, ಅಂಗಡಿಯಿಂದ ತಂದ ಕಪ್ಪೆಯೋ ಇದ್ದಿದ್ದರೆ ನಿಮ್ಮ ಕಪ್ಪೆಗೆ ಸೋಂಕು ತಗಲಿರಬಹುದು. ನೋಡಲು ಅದು ಆರೋಗ್ಯವಾಗಿಯೇ ಇರುತ್ತದೆ. ಬಿಟ್ಟರೆ ಇಡೀ ಹೊಂಡಕ್ಕೆ ರೋಗ ಹೋಗುತ್ತದೆ. ಬಹಳ ದಿನ ಸಾಕಿದ ಕಪ್ಪೆಯನ್ನು ಕನಿಕರದಿಂದ ಬಿಡುವುದೂ ತಪ್ಪಾಗಬಹುದು ಅಂದದ್ದು ಈ ಕಾರಣಕ್ಕೆ. ನೀವು ಬರೆದಿರುವುದನ್ನು ನೋಡಿದರೆ ತೊಟ್ಟಿಯಲ್ಲಿ ಮೊದಲು ಇದ್ದದ್ದು ಮೀನು ಮಾತ್ರ. ಅದು ಬಹಳ ದಿನದಿಂದ ಒಣಗಿಯೇ ಇದ್ದಿದ್ದರೆ ಚಿಂತೆ ಬೇಡ. ಈ ಶಿಲೀಂಧ್ರ ಪೂರ್ತಿ ಒಣಗಿದರೆ ಬದುಕುವುದಿಲ್ಲ. ಮನೆಯಲ್ಲಿ ಬೇರೆ ಕಪ್ಪೆಗಳಿದ್ದು, ಅವುಗಳ ನೀರೋ ಪಾತ್ರೆಯೋ ಇದಕ್ಕೆ ತಾಗಿದ್ದರೆ ಮಾತ್ರ ಬಿಡುವ ಮೊದಲು ವೈದ್ಯರನ್ನು ಕೇಳಿ.

ಕಾನೂನಿನ ಮಾತು ಚಿಕ್ಕದಾಗಿ: ಹೊರಗಿನ ಕಪ್ಪೆ ಹಿಡಿದು ಇಟ್ಟುಕೊಳ್ಳುವುದಕ್ಕೆ ಅನೇಕ ದೇಶಗಳಲ್ಲಿ ತಡೆ ಇದೆ, ಕೆಲವು ಕಡೆ ಅನುಮತಿ ಬೇಕು. ನಿಯಮ ಕಪ್ಪೆಯ ಜಾತಿ ನೋಡಿ ಬದಲಾಗುತ್ತದೆ. ಮಗು ಗೊತ್ತಿಲ್ಲದೆ ತಂದ ಕಪ್ಪೆಯನ್ನು ಅದೇ ಜಾಗಕ್ಕೆ ಬೇಗ ಬಿಡುವುದು ಎಲ್ಲ ರೀತಿಯಲ್ಲೂ ಸರಿಯಾದ ದಾರಿ.

ಸಂಜೆಯವರೆಗೆ ಏನು ಮಾಡಬೇಕು? ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಸೋಪು ಹಾಕದೆ ತೊಳೆಯಿರಿ. ಮುಚ್ಚಳಕ್ಕೆ ಒಳಗಿನಿಂದ ಹೊರಗೆ ತೂತು ಮಾಡಿ, ಆಗ ಚೂಪಾದ ಅಂಚು ಒಳಗೆ ಉಳಿಯುವುದಿಲ್ಲ. ಆ ಹೊಂಡದ ನೀರನ್ನೇ ಸ್ವಲ್ಪ ತಂದು, ಬಣ್ಣ, ವಾಸನೆ ಇಲ್ಲದ ಟಿಶ್ಯೂ ಕಾಗದ ನೆನೆಸಿ ತಳಕ್ಕೆ ಹಾಸಿ. ಅಡಗಿಕೊಳ್ಳಲು ಒಂದೆರಡು ದೊಡ್ಡ ಎಲೆ ಇಡಿ. ಸಣ್ಣ ಕಲ್ಲು ಬೇಡ. ಹುಳದ ಜೊತೆ ಕಪ್ಪೆ ಅದನ್ನೂ ನುಂಗಿಬಿಡುತ್ತದೆ, ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಡಬ್ಬಿಯನ್ನು ಕತ್ತಲಾದ, ತಂಪಾದ ಮೂಲೆಯಲ್ಲಿಡಿ. ಬಿಸಿಲು ಬೀಳುವ ಕಿಟಕಿ ಹತ್ತಿರ ಬೇಡವೇ ಬೇಡ, ಮುಚ್ಚಿದ ಡಬ್ಬಿ ಬಿಸಿಲಲ್ಲಿ ಸ್ವಲ್ಪ ಹೊತ್ತಿಗೇ ಕಾಯುತ್ತದೆ. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಬೇಡಿ.

ಹೊತ್ತು ಮುಳುಗುವಾಗ ಹೊರಡಿ. ಆಗ ನೆಲ ತಂಪಾಗಿರುತ್ತದೆ, ಹಕ್ಕಿಗಳ ಕಣ್ಣೂ ತಪ್ಪುತ್ತದೆ. ಜಾಗ ಮಾತ್ರ ಅದೇ ಆಗಬೇಕು. "ಆಚೆ ದೊಡ್ಡ ಕೆರೆ ಇದೆ, ಅಲ್ಲಿ ಚೆನ್ನಾಗಿರುತ್ತೆ" ಅಂತ ಬೇರೆ ಕಡೆ ಬಿಡಬೇಡಿ. ಕಪ್ಪೆಗೆ ತನ್ನ ಜಾಗ ಗೊತ್ತಿರುತ್ತದೆ, ಎಲ್ಲಿ ಅಡಗಬೇಕು, ಎಲ್ಲಿ ಹುಳ ಸಿಗುತ್ತದೆ, ಮೊಟ್ಟೆ ಇಡಲು ಎಲ್ಲಿಗೆ ಹೋಗಬೇಕು ಎಂದು. ದೂರ ಬಿಟ್ಟ ಎಷ್ಟೋ ಜಾತಿಯ ಕಪ್ಪೆಗಳು ಹಳೆಯ ಜಾಗ ಹುಡುಕಿಕೊಂಡು ಹೊರಡುತ್ತವೆ. ದಾರಿಯಲ್ಲಿ ರಸ್ತೆ ಇದ್ದರೆ ಅಲ್ಲೇ ಕೊನೆ. ನೀರಿಗೆ ಎಸೆಯಬೇಡಿ. ದಂಡೆಯ ಹುಲ್ಲಿನಲ್ಲಿ ಡಬ್ಬಿಯನ್ನು ಮಲಗಿಸಿ, ಮುಚ್ಚಳ ತೆಗೆದು ಎರಡು ಹೆಜ್ಜೆ ಹಿಂದೆ ಸರಿಯಿರಿ. ಅದೇ ಹೊರಗೆ ಬರುತ್ತದೆ. ಮುಚ್ಚಳ ತೆಗೆಯುವ ಕೆಲಸ ಮಗನಿಗೇ ಕೊಡಿ.

ಮನೆಗೆ ಬಂದ ಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆಯಿರಿ. ಕಪ್ಪೆ ಮುಟ್ಟಿದರೆ ನರಹುಲಿ ಬರುತ್ತದೆ ಅನ್ನುವುದು ಸುಳ್ಳು, ನರಹುಲಿ ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್‌ನಿಂದ ಬರುತ್ತದೆ. ಆದರೆ ಸಾಲ್ಮೊನೆಲ್ಲ ಅನ್ನುವ ಬ್ಯಾಕ್ಟೀರಿಯಾ ನಿಜ. ಅಮೆರಿಕದಲ್ಲಿ 2009ರಿಂದ 2011ರವರೆಗೆ ತೊಟ್ಟಿಯಲ್ಲಿ ಸಾಕುವ ಪುಟ್ಟ ನೀರುಕಪ್ಪೆಗಳಿಂದ ಈ ಸೋಂಕು ಹಲವು ರಾಜ್ಯಗಳಿಗೆ ಹರಡಿತ್ತು, ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಮಕ್ಕಳು. ತೊಟ್ಟಿಯ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ. ಒರಟು ಚರ್ಮದ ನೆಲಗಪ್ಪೆ ಆಗಿದ್ದರೆ ಕಣ್ಣಿನ ಹಿಂದೆ ಎರಡು ಉಬ್ಬಿದ ಗ್ರಂಥಿ ಇರುತ್ತವೆ, ಅದರಿಂದ ಬರುವ ಹಾಲಿನಂಥ ವಿಷ ಕಣ್ಣಿಗೆ ತಾಗಿದರೆ ಉರಿ. ಮನೆಯಲ್ಲಿ ನಾಯಿ ಇದ್ದರೆ ಅದು ಬಾಯಿ ಹಾಕದಂತೆ ನೋಡಿಕೊಳ್ಳಿ.

ಮಗನಿಗೆ ಕಪ್ಪೆ ಸಾಕಲೇಬೇಕು ಅನ್ನಿಸಿದರೆ? ನಾನು ಪೂರ್ತಿ ಬೇಡ ಅನ್ನುವುದಿಲ್ಲ. ಸಾಕಣೆಯಲ್ಲೇ ಹುಟ್ಟಿ ಬೆಳೆದ ಕಪ್ಪೆಗಳು ಸಿಗುವ ಕಡೆ, ಕಾನೂನು ಒಪ್ಪುವ ಜಾತಿಯನ್ನು ಹುಟ್ಟಿನ ದಾಖಲೆ ಕೇಳಿ ತರಬಹುದು. ಅವು ಗಾಜಿನ ಗೂಡಿನಲ್ಲೇ ಬೆಳೆದಿರುತ್ತವೆ, ಅಲ್ಲಿ ಸಿಗುವ ಹುಳವನ್ನೇ ತಿಂದಿರುತ್ತವೆ. ಆದರೆ ಕೆಲಸ ಕಡಿಮೆ ಅಲ್ಲ. ಹುಳವನ್ನೂ ಸಾಕಬೇಕು. ಸಾಕಿದ ಚಿಮ್ಮಂಡೆಯಂಥ ಹುಳಗಳಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅವಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡದಿದ್ದರೆ ಕಪ್ಪೆಯ ಮೂಳೆ ಮೆತ್ತಗಾಗಿ ಬಾಗುತ್ತದೆ. ವಿಟಮಿನ್ ಎ ಕಡಿಮೆಯಾದರೆ ನಾಲಿಗೆಯ ಅಂಟು ಹೋಗುತ್ತದೆ, ಹುಳದ ಮೇಲೆ ನಾಲಿಗೆ ಬೀಸಿದರೂ ಹಿಡಿಯಲು ಆಗುವುದಿಲ್ಲ. ಮರಗಪ್ಪೆಗೆ ಎತ್ತರದ ಗೂಡು, ನೆಲದ ಕಪ್ಪೆಗೆ ಅಗೆಯಲು ಮಣ್ಣು, ಎಲ್ಲಕ್ಕೂ ತೇವ ಮತ್ತು ಹದವಾದ ಶಾಖ ಬೇಕು. ಇದು ಒಂದು ರಜೆಯ ಆಟವೂ ಅಲ್ಲ. ಸಾಕಿದ ಮರಗಪ್ಪೆ 15 ವರ್ಷ ಬದುಕಬಹುದು, ಕೆಲವು ನೆಲಗಪ್ಪೆಗಳು 30 ದಾಟಿದ್ದೂ ಇದೆ. ಒಂಬತ್ತರ ಹುಡುಗ ಇಪ್ಪತ್ತನಾಲ್ಕು ಆಗುವವರೆಗೆ ಯಾರು ನೋಡಿಕೊಳ್ಳುತ್ತಾರೆ ಅಂತ ಮನೆಯಲ್ಲಿ ಕೂತು ಮಾತಾಡಿ. ಮುದ್ದು ಮಾಡುವ ಪ್ರಾಣಿ ಬೇಕಿದ್ದರೆ ಕಪ್ಪೆ ಬೇಡ. ಅದು ನೋಡುವ ಪ್ರಾಣಿ.

ನೋಡುವುದೇ ಆಸೆ ಆದರೆ ಇನ್ನೂ ಒಳ್ಳೆಯ ದಾರಿ ಇದೆ. ಹೊಂಡ ನಿಮ್ಮ ಮನೆ ಹಿಂದೆಯೇ ಇದೆ. ರಾತ್ರಿ ಮಗನ ಜೊತೆ ನೀವೂ ಹೋಗಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಬೆಳಕು ಮಂದವಾಗಿದ್ದರೆ ಕಪ್ಪೆಗಳು ಅಷ್ಟಾಗಿ ಬೆದರುವುದಿಲ್ಲ. ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಂದೊಂದು ಜಾತಿಗೆ ಒಂದೊಂದು ಕೂಗು, ಮತ್ತು ಕೂಗುವುದು ಹೆಚ್ಚಾಗಿ ಗಂಡು. ಕಪ್ಪೆ ಹುಳ ನುಂಗುವಾಗ ಅದರ ಕಣ್ಣು ನೋಡಲು ಹೇಳಿ. ಎರಡೂ ಕಣ್ಣು ತಲೆಯೊಳಗೆ ಇಳಿದು ಆಹಾರವನ್ನು ಗಂಟಲಿಗೆ ದೂಡುತ್ತವೆ. ಇದನ್ನು ಬಯಲಲ್ಲಿ, ಹೆದರದೆ ತಿನ್ನುತ್ತಿರುವ ಕಪ್ಪೆಯಲ್ಲಿ ಮಾತ್ರ ಚೆನ್ನಾಗಿ ನೋಡಬಹುದು.

ಹಿತ್ತಲಲ್ಲಿ ಜಾಗ ಇದ್ದರೆ ಒಂದು ಸಣ್ಣ ನೀರಿನ ಗುಂಡಿಯನ್ನೂ ಮಾಡಬಹುದು. ಒಂದು ಬದಿ ಇಳಿಜಾರು ಇರಲಿ, ಹತ್ತಿ ಹೊರಬರಲು ಬೇಕು. ಮೀನು ಬಿಡಬೇಡಿ, ಮೊಟ್ಟೆ, ಗೊದಮೊಟ್ಟೆ ಎಲ್ಲ ತಿಂದುಬಿಡುತ್ತವೆ. ಪಕ್ಕದಲ್ಲಿ ಕಲ್ಲು, ಒಣ ಎಲೆ ರಾಶಿ ಹಾಗೇ ಇರಲಿ, ಕೀಟನಾಶಕ ಹೊಡೆಯಬೇಡಿ, ರಾತ್ರಿ ಜೋರು ದೀಪ ಬೇಡ. ಚಿಕ್ಕ ಮಕ್ಕಳು ಓಡಾಡುವ ಮನೆ ಆದರೆ ಗುಂಡಿಗೆ ಬಲವಾದ ಜಾಲರಿ ಹಾಕಿಸಿ. ಕಪ್ಪೆಯನ್ನಾಗಲಿ ಮೊಟ್ಟೆಯನ್ನಾಗಲಿ ಬೇರೆ ಕಡೆಯಿಂದ ತಂದು ಹಾಕಬೇಡಿ, ಆ ಶಿಲೀಂಧ್ರದ ಕಾರಣಕ್ಕೆ. ಹೊಂಡ ಅಷ್ಟು ಹತ್ತಿರ ಇರುವುದರಿಂದ ಅವು ತಾವಾಗಿ ಬರುವ ಸಾಧ್ಯತೆ ಚೆನ್ನಾಗಿದೆ. ಒಂದು ಮಳೆಗಾಲ ಬರದೆಯೂ ಇರಬಹುದು, ಕಾಯಿರಿ.